ಗಾಡಿ ಇಲ್ಲದ ನಕ್ಷೆ

ನೀವು ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಈಗ ‘ಕಂಪ್ಯೂಟರ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಮೊದಲು ಹಾಗಿರಲಿಲ್ಲ. ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತವರನ್ನೂ ಬಿಡುತ್ತಿರಲಿಲ್ಲ. ಸಾಫ್ಟ್‌ವೇರ್ ಬರೆಯುವ ಮುಂಚೆ ಅದನ್ನು ಬಳಸುವವರ ಲೋಕ ತಿಳಿಯಬೇಕು, ಅಲ್ಲಿ ಏನೇನಿದೆ, ಯಾವುದು ಯಾವುದಕ್ಕೆ ಸೇರಿದೆ ಎಂದು ಕೇಳಿ ಕೇಳಿ ಬರೆದುಕೊಂಡು ನಕ್ಷೆ ಮಾಡಬೇಕು, ಅದಕ್ಕೆ ಡೊಮೇನ್ ಅನಾಲಿಸಿಸ್ ಎನ್ನುತ್ತಾರೆ, ಅದೇ ನನ್ನ ಕೆಲಸ ಎಂದು ಅವರ ಹೋಳಿಗೆ ಆರುವ ತನಕ ಕೊರೆಯುತ್ತಿದ್ದೆ. ಕೋಡ್ ತಪ್ಪಿದರೆ ಒಂದು ದಿನದಲ್ಲಿ ತಿದ್ದಬಹುದು, ಲೋಕವನ್ನೇ ತಪ್ಪು ತಿಳಿದರೆ ತಿದ್ದಲು ಬರುವುದಿಲ್ಲ ಎಂದೂ ಸೇರಿಸುತ್ತಿದ್ದೆ. ಆ ಮಾತು ಎಷ್ಟು ನಿಜ ಎಂದು ಆಗ ಗೊತ್ತಿರಲಿಲ್ಲ. ಕೇಳಲು ಚೆನ್ನಾಗಿತ್ತು, ಹೇಳುತ್ತಿದ್ದೆ.

ನಾನು ಹುಟ್ಟಿ ಬೆಳೆದದ್ದು ದಾಂಡೇಲಿಯಲ್ಲಿ. ಅಪ್ಪ ಕಾಗದದ ಮಿಲ್ಲಿನಲ್ಲಿದ್ದರು, ನಮ್ಮ ಮನೆಯ ಊಟ ತಿಂಡಿಯೆಲ್ಲ ಮಿಲ್ಲಿನ ಪಾಳಿಯ ಪ್ರಕಾರ ನಡೆಯುತ್ತಿತ್ತು. ಮದುವೆಯಾಗಿ ಹಳಿಯಾಳಕ್ಕೆ ಬಂದೆ. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ, ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಮುಖ ತೋರಿಸಿ ಬರುತ್ತೇನೆ. ಹಾಗಾಗಿ ಒಂದು ಟ್ರಸ್ಟಿನವರು ತಮ್ಮ ಡಯಾಲಿಸಿಸ್ ಕೇಂದ್ರಗಳಿಗೆ ಸಾಫ್ಟ್‌ವೇರ್ ಬೇಕು ಎಂದು ಬಂದಾಗ ನಮ್ಮ ಸಾಹೇಬರು ನನ್ನ ಕಡೆ ಬೆರಳು ಮಾಡಿದರು. “ಆ ಕಡೆ ಮಂದಿ ನಿಮಗ ಗೊತ್ತಲ್ರಿ. ಭಾಳ ದಿವಸ ಹಿಡೀಬಾರ್ದು,” ಎಂದರು. ಗೊತ್ತು ಎಂದೆ. ನನ್ನ ಊರು ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು ಎಂಬ ಜಂಬ ಆಗ ತಲೆಯ ತುಂಬ ಇತ್ತು.

ಕೇಂದ್ರಗಳು ಮೂರು: ದಾಂಡೇಲಿಯಲ್ಲೊಂದು, ಹಳಿಯಾಳದಲ್ಲೊಂದು, ಮುಂಡಗೋಡದಲ್ಲೊಂದು. ಕಿಡ್ನಿ ಕೆಲಸ ಮಾಡದವರು ವಾರಕ್ಕೆರಡು ಸಲ ಬಂದು ನಾಲ್ಕು ನಾಲ್ಕು ತಾಸು ಮಶಿನ್‌ಗೆ ತೋಳು ಕೊಟ್ಟು ಮಲಗುತ್ತಾರೆ, ಮಶಿನ್ ರಕ್ತ ಸೋಸಿ ವಾಪಸು ಕೊಡುತ್ತದೆ. ತಪ್ಪಿಸಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಉಸಿರು ಕಟ್ಟುತ್ತದೆ. ಯಾರು ಯಾವ ದಿನ, ಯಾವ ಹೊತ್ತಿಗೆ, ಯಾವ ಮಶಿನ್‌ಗೆ ಎಂಬುದನ್ನು ಮೂರೂ ಕಡೆ ಸಿಸ್ಟರ್‌ಗಳು ವಹಿಯಲ್ಲಿ ಬರೆಯುತ್ತಿದ್ದರು. ಮೂರಕ್ಕೂ ಒಂದೇ ಸಾಫ್ಟ್‌ವೇರ್ ಆಗಬೇಕು ಎಂಬುದು ಟ್ರಸ್ಟಿನ ಕಾರ್ಯದರ್ಶಿಗಳ ಆಸೆ. ಇಂಥ ಕಡೆ ಡೊಮೇನ್ ಅನಾಲಿಸಿಸ್ ಎಂದರೆ ಮುಖ್ಯವಾಗಿ ಸಾಮ್ಯ ಮತ್ತು ಭೇದ ಹುಡುಕುವುದು. ಮೂರೂ ಕಡೆ ಇರುವುದನ್ನು ಸಾಫ್ಟ್‌ವೇರಿನ ನಡುವೆ ಇಡಬೇಕು. ಎರಡು ಕಡೆ ಒಂದು ರೀತಿ, ಇನ್ನೊಂದು ಕಡೆ ಬೇರೆ ರೀತಿ ಇದ್ದರೆ ಆಯ್ಕೆಯಾಗಿ ಕೊಡಬೇಕು. ಒಂದೇ ಕಡೆ ಇದ್ದರೆ ಅದು ಆ ಲೋಕದ ಗುಣವಲ್ಲ, ಅಲ್ಲಿಯವರ ಅಭ್ಯಾಸ, ಅದನ್ನು ಬಿಡಬೇಕು. ಈ ಕೊನೆಯದು ಯಾರೂ ಕಲಿಸಿದ ಸೂತ್ರವಲ್ಲ. ಕೆಲಸ ಬೇಗ ಮುಗಿಯಲಿ ಎಂದು ನಾನೇ ಮಾಡಿಕೊಂಡದ್ದು.

ದಾಂಡೇಲಿಯ ಕೇಂದ್ರಕ್ಕೆ ಹೋದ ಮೊದಲ ದಿನವೇ ಅಲ್ಲಿಯ ಸಿಸ್ಟರ್ ತಮ್ಮ ವಹಿಯನ್ನು ನನ್ನ ಮುಂದೆ ಬಿಚ್ಚಿಟ್ಟರು. ಐವತ್ತರ ಆಸುಪಾಸಿನ ಹೆಂಗಸು, ಗಟ್ಟಿ ದನಿ, ಕೈ ಮಾತ್ರ ತೀರ ಹಗುರ. ಅವರು ಸೂಜಿ ಚುಚ್ಚಿದರೆ ಗೊತ್ತಾಗುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಮಂಗಳವಾರ ಮತ್ತು ಶುಕ್ರವಾರದ ಹಾಳೆಗಳ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ‘ಗಾಡಿ’ ಎಂದು ಬರೆದಿತ್ತು.

“ಇದೇನ್ರಿ ಸಿಸ್ಟರ್, ಗಾಡಿ ಅಂತ ಬರದೀರಿ?” ಎಂದೆ.

“ಜೋಯಿಡಾ ಕಡೆಯಿಂದ ಬರೂ ಗಾಡಿರಿ ಮೇಡಂ. ನಾಕ ಮಂದಿ ಕೂಡೇ ಬರ್ತಾರ. ನಾ ಮೊದ್ಲ ಗಾಡಿ ನೋಡ್ತೇನಿ, ಆಮ್ಯಾಲ ಮಶಿನ್ ನೋಡ್ತೇನಿ. ಎಲ್ಲಾರಕಿಂತ ದೂರದಾಕಿನ್ನ ಮೊದ್ಲ ಮಶಿನ್‌ಗೆ ಹಚ್ತೇನಿ. ಉಳದವರದು ಮುಗಿಯೂತನಾ ಆಕಿ ಅಡ್ಡಾಗಿ ಸುಧಾರಿಸ್ಕೋತಾಳ. ರಸ್ತಾ ಭಾಳ ಕೆಟ್ಟ ಐತ್ರಿ.”

ನಾನು ಬರೆದುಕೊಂಡೆ. ಹಳಿಯಾಳದಲ್ಲಿ ವಿಚಾರಿಸಿದೆ, ಅಲ್ಲಿ ಎಲ್ಲರೂ ಬಸ್ಸಿನಲ್ಲೋ ಆಟೋದಲ್ಲೋ ಬರುತ್ತಿದ್ದರು. ಮುಂಡಗೋಡದಲ್ಲಿ ಸನವಳ್ಳಿ ಕಡೆಯವರನ್ನು ಮಕ್ಕಳು ಬೈಕಿನ ಹಿಂದೆ ಕೂರಿಸಿಕೊಂಡು ಬಂದು ಬಿಟ್ಟು ಹೋಗುತ್ತಿದ್ದರು. ಗಾಡಿ ಇದ್ದದ್ದು ದಾಂಡೇಲಿಯಲ್ಲಿ ಮಾತ್ರ. ಮೂರರಲ್ಲಿ ಒಂದು. ಹಳಿಯಾಳದ ನಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು ನನ್ನ ನೋಟ್‌ಬುಕ್ಕಿನಲ್ಲಿ ‘ಗಾಡಿ’ ಎಂಬ ಮಾತಿನ ಸುತ್ತ ಚೌಕ ಬರೆದು ಪಕ್ಕದಲ್ಲಿ ‘ವ್ಯಾಪ್ತಿಯ ಹೊರಗೆ’ ಎಂದು ಬರೆದೆ. ಆ ನೋಟ್‌ಬುಕ್ ಇನ್ನೂ ಇದೆ. ಅಕ್ಷರ ಎಷ್ಟು ದುಂಡಗಿದೆ ಎಂದರೆ ನೋಡಿದರೆ ಸಿಟ್ಟು ಬರುತ್ತದೆ.

ಹೊರಗಿನಿಂದ ಬಂದವಳಾಗಿದ್ದರೆ ಕೇಳುತ್ತಿದ್ದೆನೇನೋ: ಯಾರ ಗಾಡಿ, ಎಲ್ಲಿಂದ ಹೊರಡುತ್ತದೆ, ಒಬ್ಬರು ಕಮ್ಮಿಯಾದರೆ ಏನಾಗುತ್ತದೆ? ನಾನು ಇಲ್ಲಿಯವಳು. ಟ್ರ್ಯಾಕ್ಸಿನಲ್ಲಿ ಹತ್ತು ಹನ್ನೆರಡು ಮಂದಿ ತುಂಬಿಕೊಂಡು ಹೋಗುವುದನ್ನು ಹುಟ್ಟಿದಾಗಿನಿಂದ ನೋಡಿದವಳು. ಗಾಡಿಯಲ್ಲಿ ತಿಳಿಯಲು ಏನಿದೆ ಎಂದುಕೊಂಡೆ. ಒಂದು ಮಂಗಳವಾರ ಅದರಲ್ಲಿ ಕೂತು ಹೋಗಿ ಬಂದಿದ್ದರೂ ಸಾಕಿತ್ತು. ಹಳಿಯಾಳದ ಬಸ್ ತಪ್ಪುತ್ತದೆ ಎಂದು ಹೋಗಲಿಲ್ಲ.

ಆ ದೂರದಾಕೆಯನ್ನು ನಾನು ಮೂರು ನಾಲ್ಕು ಸಲ ಕಂಡೆ. ಸೂಪಾ ಹಿನ್ನೀರಿನ ಆಚೆಯ ನಾಲ್ಕಾರು ಮನೆಗಳ ಊರು ಅವಳದು. ಅಲ್ಲಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು, ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಆಗಲೂ ಮಾಡುತ್ತಿದ್ದಳು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ಓದು ಬರಹದ ಹೆಂಗಸರೆಲ್ಲ ಅವಳಿಗೆ ಶಾಲೆಯ ಅಕ್ಕೋರೇ, ಹಾಗಾಗಿ ನಾನೂ ಅಕ್ಕೋರಾದೆ. ಡಯಾಲಿಸಿಸ್‌ನವರು ನೀರು ಹೆಚ್ಚು ಕುಡಿಯುವಂತಿಲ್ಲ. ಬಾಯಿ ಒಣಗಿದಾಗ ಒಂದು ಲವಂಗ ಕಚ್ಚಿಕೊಳ್ಳುತ್ತಿದ್ದಳು, ಪಕ್ಕದವರಿಗೂ ಹಂಚುತ್ತಿದ್ದಳು. ನನಗೂ ಒಂದು ಕೊಟ್ಟಳು. “ಎಲ್ಲಾರ ಮೋಟಾರು ಹೊಟ್ಟ್ಯಾಗ ಇರ್ತೈತ್ರಿ ಅಕ್ಕೋರ, ನಂದು ದಾಂಡೇಲ್ಯಾಗ ಐತಿ,” ಎಂದು ನಕ್ಕಳು.

ಒಮ್ಮೆ ನಾನು ನಕ್ಷೆ ಬಿಡಿಸುವುದನ್ನು ಮಲಗಿದಲ್ಲಿಂದಲೇ ನೋಡಿ, “ಇದರಾಗ ನಾ ಎಲ್ಲಿ ಅದೇನಿ?” ಎಂದು ಕೇಳಿದಳು. ‘ರೋಗಿ’ ಎಂದು ಬರೆದ ಚೌಕ ತೋರಿಸಿದೆ.

“ಮತ್ತ ಇವರು ಮೂರು ಮಂದಿ?”

“ಅವರೂ ಅದರಾಗ ಬಂದ್ರಲ್ಲ.”

“ಹಂಗಾರ ನಾಕೂ ಮಂದಿ ಒಂದ ಕಡೆ ಅದೇವಿ,” ಎಂದು ಸಮಾಧಾನವಾಗಿ ಕಣ್ಣು ಮುಚ್ಚಿದಳು. ನಕ್ಷೆಯ ಚೌಕ ಎಂದರೆ ಏನೆಂದು ಆಕೆಗೆ ಹೇಗೆ ತಿಳಿಯಬೇಕು ಎಂದು ನಾನು ಒಳಗೊಳಗೇ ನಕ್ಕೆ. ಆ ದಿನ ಬಾಗಿಲ ಹೊರಗೆ ನಿಂತಿದ್ದ ಟ್ರ್ಯಾಕ್ಸನ್ನು ನಾನು ನೋಡಿರಲೇಬೇಕು. ಅದರ ಬಣ್ಣ ಕೇಳಿದರೆ ಇಂದಿಗೂ ಹೇಳಲಾರೆ.

ನಕ್ಷೆ ಮುಗಿದ ಮೇಲೆ ಅದನ್ನು ಬಲ್ಲವರಿಗೆ ತೋರಿಸಿ ಸಹಿ ಪಡೆಯಬೇಕು. ಹಾಗೆ ಮಾಡಿದರೆ ತಪ್ಪು ಉಳಿಯುವುದಿಲ್ಲ ಎಂಬುದು ನಮ್ಮ ಕಸುಬಿನ ನಂಬಿಕೆ. ದಾಂಡೇಲಿಯ ಸಿಸ್ಟರ್ ಒಂದು ಕೈಯಲ್ಲಿ ಟ್ಯೂಬು ಹಿಡಿದುಕೊಂಡೇ ಹಾಳೆಗಳನ್ನು ಮಗುಚಿದರು. “ಇದೆಲ್ಲಾ ನನಗೇನ ತಿಳೀತೈತ್ರಿ. ನಾ ಹೇಳಿದ್ದೆಲ್ಲಾ ಬಂದೈತಲ್ರಿ ಇದರಾಗ?” ಎಂದರು.

“ಬಂದೈತ್ರಿ,” ಎಂದೆ.

ಅವರು ಸಹಿ ಹಾಕಿದರು. ಸುಳ್ಳು ಹೇಳುತ್ತಿದ್ದೇನೆ ಎಂದು ಆ ಕ್ಷಣ ನನಗೆ ಅನ್ನಿಸಲಿಲ್ಲ. ಅನ್ನಿಸಿದ್ದರೆ ಇವತ್ತು ನನ್ನ ಮೇಲೆ ನನಗೆ ಸ್ವಲ್ಪವಾದರೂ ಮರ್ಯಾದೆ ಉಳಿಯುತ್ತಿತ್ತು.

ಸಾಫ್ಟ್‌ವೇರ್ ಶುರುವಾದ ದಿನ ಕಾರ್ಯದರ್ಶಿಗಳು ಮೂರೂ ಕಡೆ ಪೇಡೆ ಹಂಚಿಸಿದರು, ವಹಿ ಮುಟ್ಟಬಾರದು ಎಂದು ಅಪ್ಪಣೆ ಹೊರಡಿಸಿದರು. ಮಶಿನ್ ಖಾಲಿ ಬೀಳಬಾರದು, ರೋಗಿ ಸುಮ್ಮನೆ ಕಾಯಬಾರದು, ಈ ಎರಡು ಗುರಿ ಇಟ್ಟು ಅದು ತಾನೇ ಪಾಳಿ ಹಂಚುತ್ತಿತ್ತು. ತನ್ನದು ಮುಗಿದ ಮೇಲೂ ಒಬ್ಬ ರೋಗಿ ತಾಸುಗಟ್ಟಲೆ ಬೆಂಚಿನ ಮೇಲೆ ಇರುವುದು ಅದರ ಲೆಕ್ಕದಲ್ಲಿ ವ್ಯರ್ಥ. ಜೋಯಿಡಾದ ನಾಲ್ವರಲ್ಲಿ ಇಬ್ಬರಿಗೆ ಮಂಗಳವಾರ ಶುಕ್ರವಾರವೇ ಉಳಿಯಿತು, ಇನ್ನೊಬ್ಬರಿಗೆ ಬುಧವಾರ ಶನಿವಾರ ಬಂತು. ದೂರದಾಕೆಗೆ ಬಂದದ್ದು ಸೋಮವಾರ ಗುರುವಾರ, ಮಧ್ಯಾಹ್ನದ ಪಾಳಿ. ಕಾಯುವ ಹೊತ್ತು ಮೂರೂ ಕೇಂದ್ರಗಳಲ್ಲಿ ಕಡಿಮೆಯಾಗಿದೆ ಎಂದು ನಾನೇ ವರದಿ ಬರೆದೆ. ಸಾಹೇಬರು ಎಲ್ಲರ ಎದುರು ಭೇಷ್ ಎಂದರು.

ಎರಡನೆಯ ದಿನವೇ ಸಿಸ್ಟರ್ ಫೋನ್ ಮಾಡಿದರು. “ಮೇಡಂ, ಇದು ಗಾಡಿ ಒಡದ ಹಾಕೈತ್ರಿ. ನಾಕು ಮಂದಿನ್ನ ಒಂದ ದಿವಸ ಹಾಕಾಕ ನೋಡಿದ್ರ ಕೆಂಪಗ ತೋರಸ್ತೈತಿ.” ಕೈಯಿಂದ ಬದಲಿಸುವ ಅವಕಾಶವನ್ನು ನಾನೇ ತೆಗೆಸಿದ್ದೆ. ಒಬ್ಬೊಬ್ಬರು ಒಂದೊಂದು ಥರ ಬದಲಿಸುತ್ತ ಹೋದರೆ ಮೂರಕ್ಕೂ ಒಂದೇ ಎಂಬ ಮಾತಿಗೆ ಅರ್ಥವೇನು ಎಂದು ವಾದ ಬೇರೆ ಮಾಡಿದ್ದೆ. ಬದಲಾವಣೆಯ ಅರ್ಜಿ ತುಂಬಿ ಕಳಿಸಿ ಸಿಸ್ಟರ್, ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದೆ.

“ಅಲ್ರಿ, ನಾ ಮೊದ್ಲ ದಿವಸ ಹೇಳಿದ್ನಲ್ಲ. ಗಾಡಿ ಬರೀಲಿಲ್ಲೇನ್ರಿ ನೀವು?”

ಬರೆದುಕೊಂಡಿದ್ದೆ ಎಂದೆ. ಅದು ನಿಜವೇ ಆಗಿತ್ತು. ಅವರು ಅರ್ಜಿ ತುಂಬಿದರು. ಅದು ನನ್ನ ಪಟ್ಟಿಯಲ್ಲಿ ಹದಿನೇಳನೆಯದಾಗಿ ಕೂತಿತು.

ಗಾಡಿ ಓಡಿಸುತ್ತಿದ್ದವರನ್ನು ಎಲ್ಲರೂ ಮಾಮಾ ಎನ್ನುತ್ತಿದ್ದರು. ನಾಲ್ಕು ಸೀಟು ತುಂಬಿದರೆ ಮಾತ್ರ ಅವರಿಗೆ ಅಷ್ಟು ದೂರ ಬರಲು ಆಗುತ್ತಿತ್ತು. ಇಬ್ಬರನ್ನು ಕರೆದುಕೊಂಡು ಎರಡು ವಾರ ಓಡಾಡಿದರು. ಆಮೇಲೆ ಒಂದು ರೆಸಾರ್ಟಿನವರು ಪ್ರವಾಸಿಗಳನ್ನು ನದಿಗೆ ಒಯ್ಯಲು ಗಾಡಿ ಕೇಳಿದರು, ಒಪ್ಪಿಕೊಂಡರು. ಅವರನ್ನು ನಾನು ಬೈಯಲಾರೆ, ಅವರ ಮನೆಯಲ್ಲೂ ಉಣ್ಣುವವರಿದ್ದರು. ಉಳಿದ ಮೂವರಿಗೆ ಜೋಯಿಡಾ ಪೇಟೆಯ ಹತ್ತಿರವೇ ಮನೆ, ಹೇಗೋ ಬಸ್ ಹಿಡಿದು ಬರತೊಡಗಿದರು. ದೂರದಾಕೆ ಮೊದಲ ಸೋಮವಾರ ಬಂದಳು, ಗುರುವಾರ ಬರಲಿಲ್ಲ. ಮತ್ತೊಂದು ಸೋಮವಾರ ಕಾಲು ಊದಿಸಿಕೊಂಡು ಬಂದಳು. ಆಮೇಲೆ ಸತತ ಮೂರು ಸಲ ಬರಲಿಲ್ಲ.

ಮೂರು ಸಲ ಗೈರಾದರೆ ಆ ಜಾಗ ಕಾಯುತ್ತಿರುವವರಿಗೆ ಹೋಗಬೇಕು ಎಂಬುದು ಮೂರೂ ಕೇಂದ್ರಗಳಲ್ಲಿ ಇದ್ದ ಪದ್ಧತಿ. ಸಾಮ್ಯ. ಹಾಗಾಗಿ ಅದನ್ನು ಸಾಫ್ಟ್‌ವೇರಿನ ನಡುವೆ ಇಟ್ಟಿದ್ದೆ. ಮೂರನೆಯ ಗೈರಿನ ದಿನ ಸಂಜೆ ಅದು ತಾನೇ ಜಾಗ ಬಿಡಿಸಿತು, ತಾನೇ ಮೆಸೇಜ್ ಕಳಿಸಿತು, ಅವಳ ಹೆಸರಿನ ಮುಂದೆ ‘ನಿಷ್ಕ್ರಿಯ’ ಎಂದು ಬರೆದುಕೊಂಡಿತು. ರೋಗಿಗೆ ನಾನು ಇಟ್ಟಿದ್ದ ಸ್ಥಿತಿಗಳು ಮೂರೇ: ಸಕ್ರಿಯ, ವರ್ಗಾವಣೆ, ನಿಷ್ಕ್ರಿಯ. ತಿಂಗಳ ವರದಿಯಲ್ಲಿ ಆ ಪದ ನೋಡಿ, ಯಾಕೆ ಬಿಟ್ಟಳೋ ಎಂದುಕೊಂಡು ಸಿಸ್ಟರ್‌ಗೆ ಫೋನ್ ಮಾಡಿದೆ. ಎಂಟು ದಿನ ಆತು ಮೇಡಂ, ತೀರಿಕೊಂಡಳು, ಜೋಯಿಡಾದಿಂದ ಬಸ್ಸಿನಲ್ಲಿ ಬರುವವರು ಹೇಳಿದರು ಎಂದರು. ಆ ಗಟ್ಟಿ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ದಾಂಡೇಲಿಗೆ ಹೋದೆ. ಸಿಸ್ಟರ್ ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿ ಎಂದೇ ಹೋಗಿದ್ದೆ. ಅವರು ಟ್ಯೂಬು ತೊಳೆಯುತ್ತ ನಿಂತಿದ್ದರು. “ನಮ್ಮಲ್ಲಿ ಮೂರ ಸಲಾ ಅಂದ್ರ ಮೂರ ಸಲಾ ಅಲ್ರಿ. ಬರಲಿಲ್ಲಂದ್ರ ನಾ ಗಾಡ್ಯಾಗ ಹೇಳಿ ಕಳಸ್ತಿದ್ದೆ. ಮಾಮಾ ಆಕಿ ಮನೀಗೆ ಹೋಗಿ ನೋಡ್ಕೊಂಡ ಬರ್ತಿದ್ರು, ಗುಳಗಿ ಮುಟ್ಟಸ್ತಿದ್ರು. ಆ ಊರಾಗ ಫೋನ್ ಹತ್ತಂಗಿಲ್ಲ. ಗಾಡಿನ ನಮಗ ಫೋನು,” ಎಂದರು. ಇದನ್ನ ಯಾಕ ಹೇಳಲಿಲ್ಲ ಸಿಸ್ಟರ್ ಎಂದು ಬಾಯಿಯವರೆಗೆ ಬಂತು. ಗಾಡಿ ಎಂದು ಅವರು ಹೇಳಿದ್ದರಲ್ಲಿ ಇದೂ ಇತ್ತು, ಮುಂದಿನ ಪ್ರಶ್ನೆ ಕೇಳಬೇಕಾದವಳು ನಾನಾಗಿದ್ದೆ. ಸಂಬಳ ಕೊಡುತ್ತಿದ್ದದ್ದೇ ಅದಕ್ಕೆ.

ಅಲ್ಲಿಂದ ಜೋಯಿಡಾ ಬಸ್ ಹತ್ತಿದೆ. ಅಲ್ಲಿ ಇನ್ನೊಂದು ಬಸ್ಸಿಗೆ ಕಾದು, ಅದು ಬಿಟ್ಟ ತಿರುವಿನಿಂದ ತಾಸು ನಡೆದೆ. ನಡುವೆ ಎರಡು ಹಳ್ಳ ಬಂದವು. ನನಗೆ ಯಾವ ರೋಗವೂ ಇಲ್ಲ, ಆದರೂ ಎರಡನೆಯ ಹಳ್ಳದ ಹತ್ತಿರ ಕೂತುಬಿಟ್ಟೆ. ನಾಲ್ಕು ತಾಸು ರಕ್ತ ಸೋಸಿಕೊಂಡು ಬಂದವಳು ಮಧ್ಯಾಹ್ನದ ಪಾಳಿ ಮುಗಿಸಿ ಈ ದಾರಿಯಲ್ಲಿ ಹೇಗೆ ನಡೆದಿರಬೇಕು? ಮುಗಿಯುವ ಹೊತ್ತಿಗೆ ಆಚೆಯ ಬಸ್ ಹೋಗಿರುತ್ತಿತ್ತು ಎಂದು ಜೋಯಿಡಾ ಬಸ್ ಸ್ಟ್ಯಾಂಡಿನಲ್ಲಿ ಗೋಡೆಗೆ ಬರೆದ ವೇಳೆ ಓದಿದಾಗಲೇ ಗೊತ್ತಾಗಿತ್ತು. ಅದನ್ನು ಓದಲು ನನಗೆ ಯಾವ ವಿದ್ಯೆಯೂ ಬೇಕಿರಲಿಲ್ಲ.

ಮನೆಯಲ್ಲಿ ಗಂಡ ಒಬ್ಬರೇ ಇದ್ದರು, ಅಂಗಳದಲ್ಲಿ ಬಿದಿರು ಸೀಳುತ್ತಿದ್ದರು. “ದಾಂಡೇಲಿ ದವಾಖಾನಿಯವರೇನ್ರಿ?” ಎಂದು ಕೇಳಿದರು. ದಾಂಡೇಲಿಯಿಂದ ಬಂದೆ ಎಂದಷ್ಟೇ ಹೇಳಿದೆ. ನಾನು ಯಾರೆಂದು ಹೇಳುವ ಧೈರ್ಯ ಬರಲಿಲ್ಲ. ಅವರು ಒಳಗಿನಿಂದ ಕುಡಿಯಲು ನೀರು ತಂದುಕೊಟ್ಟರು, ದೊಡ್ಡ ಚೊಂಬಿನ ತುಂಬ. ಆಮೇಲೆ ಅಂಗಿಯ ಜೇಬಿನಿಂದ ಫೋನ್ ತೆಗೆದು ನನ್ನ ಮುಂದೆ ಹಿಡಿದರು.

“ಗುಡ್ಡದ ಮ್ಯಾಲ ಹೋದಾಗ ಇದು ಬಂದಿತ್ರಿ. ಶಾಲೀ ಅಕ್ಕೋರು ಓದಿ ಹೇಳಿದ್ರು. ಮತ್ತೊಮ್ಮೆ ನೀವ ಓದ್ರಿ, ಬ್ಯಾರೆ ಏನರ ಐತೇನು.”

‘ನಿಮ್ಮ ಸ್ಥಾನವನ್ನು ನಿರೀಕ್ಷಣಾ ಪಟ್ಟಿಯಲ್ಲಿದ್ದ ಮತ್ತೊಬ್ಬ ರೋಗಿಗೆ ನೀಡಲಾಗಿದೆ. ನಿಮ್ಮ ಸಹಕಾರಕ್ಕೆ ಧನ್ಯವಾದಗಳು.’ ಆ ವಾಕ್ಯ ಬರೆದವಳು ನಾನು. ‘ಸಹಕಾರಕ್ಕೆ ಧನ್ಯವಾದಗಳು’ ಎಂದು ಸೇರಿಸಿದರೆ ಮರ್ಯಾದೆಯಾಗಿರುತ್ತದೆ ಎಂದು ಕೊನೆಗೆ ಸೇರಿಸಿದ್ದೆ. ಗಟ್ಟಿಯಾಗಿ ಓದಿದೆ. ಬೇರೆ ಏನೂ ಇರಲಿಲ್ಲ.

“ನಾ ಹೊತಗೊಂಡರ ಒಯ್ತೇನಿ, ನಡೀ ಅಂದ್ನಿರಿ. ಆಕಿ ಒಲ್ಲೆ ಅಂದ್ಲು. ನನ್ನ ಜಾಗಾ ಇನ್ನೊಬ್ಬರಿಗೆ ಕೊಟ್ಟಾರ, ನಾ ಹೋಗಿ ಕುಂತ್ರ ಅವರನ್ನ ಎಬ್ಬಸ್ತಾರ, ಅವರೂ ಪಾಪ ಬದುಕಬೇಕಲ್ಲ ಅಂದ್ಲು,” ಎಂದರು. ಫೋನನ್ನು ಮತ್ತೆ ಜೇಬಿಗೆ ಇಟ್ಟುಕೊಂಡು, “ಹಂಗ ಎಬ್ಬಸ್ತಿದ್ರೇನ್ರಿ?” ಎಂದು ಕೇಳಿದರು.

ಎಬ್ಬಿಸುತ್ತಿರಲಿಲ್ಲ. ಸಿಸ್ಟರ್ ಆಕೆಯನ್ನು ಬಾಗಿಲಲ್ಲಿ ಕಂಡಿದ್ದರೆ ಕಾರ್ಯದರ್ಶಿಯ ಅಪ್ಪಣೆಯನ್ನೂ ನನ್ನ ಸಾಫ್ಟ್‌ವೇರನ್ನೂ ಒಲೆಗೆ ಹಾಕಿ ಮಶಿನ್ ಹಚ್ಚುತ್ತಿದ್ದರು. ಅದನ್ನು ಆ ಮನುಷ್ಯನಿಗೆ ಹೇಗೆ ಹೇಳಲಿ? ಎಬ್ಬಿಸುತ್ತಿರಲಿಲ್ಲ ಎಂದರೆ ಹೆಂಡತಿಯ ಮಾತು ಕೇಳಿ ಕೂತದ್ದು ಅವರ ತಪ್ಪಾಗುತ್ತದೆ. ಎಬ್ಬಿಸುತ್ತಿದ್ದರು ಎಂದರೆ ಸಿಸ್ಟರ್ ಮೇಲೆ ಸುಳ್ಳು ಹೊರಿಸಿದ ಹಾಗಾಗುತ್ತದೆ. ಗೊತ್ತಿಲ್ಲರಿ ಎಂದೆ. ಅದು ನಾನು ಹೇಳಿದ ಎರಡನೆಯ ಸುಳ್ಳು, ಈ ಸಲ ಗೊತ್ತಿದ್ದೇ ಹೇಳಿದೆ.

ವಾಪಸು ಬಂದು ಹದಿನೇಳನೆಯ ಅರ್ಜಿಯನ್ನು ಮೊದಲನೆಯದು ಮಾಡಿದೆ. ಸಾಹೇಬರ ಜೊತೆ ಜಗಳವಾಡಿದೆ, ಕೈಯಿಂದ ಬದಲಿಸುವ ಅವಕಾಶ ವಾಪಸು ಕೊಡಿಸಿದೆ, ಮೆಸೇಜ್ ತಾನೇ ಹೋಗುವುದನ್ನು ನಿಲ್ಲಿಸಿದೆ. ರೋಗಿಯ ಪುಟದಲ್ಲಿ ‘ಗಾಡಿ’ ಎಂದು ಹೊಸ ಚೌಕ ಮಾಡಿಸಿದೆ. ಒಂದೇ ಗಾಡಿಯವರನ್ನು ಅದು ಒಂದೇ ದಿನ ಹಾಕುತ್ತಿತ್ತು, ದೂರದವರನ್ನು ಮೊದಲು ಹಚ್ಚು ಎನ್ನುತ್ತಿತ್ತು, ಮುಗಿದ ಮೇಲೆ ಬೆಂಚಿನ ಮೇಲೆ ಕಳೆಯುವ ಹೊತ್ತನ್ನು ವಿಶ್ರಾಂತಿ ಎಂದು ಬರೆದುಕೊಳ್ಳುತ್ತಿತ್ತು. ಪರೀಕ್ಷೆ ಮಾಡಿ ನೋಡಿದೆ, ಎಲ್ಲ ಸರಿಯಾಗಿತ್ತು. ಅಷ್ಟು ಚೆನ್ನಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಆದರೆ ಅಷ್ಟರಲ್ಲಿ ಗಾಡಿಯೇ ಇರಲಿಲ್ಲ. ಮಾಮಾ ರೆಸಾರ್ಟಿಗೇ ನಿಂತಿದ್ದರು, ಉಳಿದ ಮೂವರಲ್ಲಿ ಒಬ್ಬರು ಮಗಳ ಊರಿಗೆ ಹೋಗಿದ್ದರು. ಮೂರೂ ಕೇಂದ್ರಗಳಲ್ಲಿ ಆ ಚೌಕ ಖಾಲಿ ಉಳಿಯಿತು.

ವರ್ಷ ತುಂಬುವ ಹೊತ್ತಿಗೆ ಕಾರ್ಯದರ್ಶಿಗಳಿಂದ ಪತ್ರ ಬಂತು. ‘ಗಾಡಿ’ ಎಂಬ ವಿವರವನ್ನು ಯಾವ ಕೇಂದ್ರದಲ್ಲೂ ತುಂಬುತ್ತಿಲ್ಲ, ಹೊಸ ಆವೃತ್ತಿಯಲ್ಲಿ ತೆಗೆದರೆ ಪುಟ ಸ್ವಚ್ಛವಾಗುತ್ತದೆ ಎಂದು ಬರೆದಿದ್ದರು. ಮೂರರಲ್ಲಿ ಒಂದೂ ಇಲ್ಲ. ನನ್ನ ಹಳೆಯ ಸೂತ್ರದಿಂದ ಬಿಡಿಸಿದರೆ ಉತ್ತರ ಸುಲಭ. ಈ ಸಲ ಒಪ್ಪುವುದಿಲ್ಲ ಎಂದು ಹಟ ಹಿಡಿದೆ. ಮತ್ತೆ ಯಾವತ್ತಾದರೂ ಇನ್ನೊಂದು ಗಾಡಿ ಬರಬಹುದು, ಆಗ ಬೇಕಾಗುತ್ತದೆ ಎಂದು ಎರಡು ಪುಟ ಉತ್ತರ ಬರೆದೆ. ಕಳಿಸುವ ಮುಂಚೆ, ನನ್ನ ಕಡೆ ಒಂದು ಮಾತು ಹೇಳಲಿ ಎಂದು ಸಿಸ್ಟರ್‌ಗೆ ಫೋನ್ ಮಾಡಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಹಿಂದೆ ಮಶಿನ್ ಕೂಗುತ್ತಿತ್ತು, ಯಾರಿಗೋ ತಡೀರಿ ಎಂದರು.

“ಕಾರ್ಯದರ್ಶಿಯವರಿಗೆ ನಾನ ಹೇಳೇನ್ರಿ ಮೇಡಂ,” ಎಂದರು. “ದಿವಸಾ ಹತ್ತ ಸಲಾ ಆ ಪುಟಾ ತಗೀತೇನಿ. ತಗದಾಗೊಮ್ಮೆ ಗಾಡಿ ಅಂತ ಖಾಲಿ ಡಬ್ಬಿ ಕಾಣತೈತಿ. ಆಕಿ ಬಂದ ಬಾಗಲಾಗ ನಿಂತಂಗ ಆಗತೈತ್ರಿ. ತಗದ್ಬಿಡ್ರಿ ಅದನ್ನ.”

ಆಯ್ತು ಸಿಸ್ಟರ್ ಎಂದೆ. ಮರುದಿನ ಬೆಳಿಗ್ಗೆ ನಾನೇ ತೆಗೆದೆ.